ಕಾರ್ಖಾನೆಯ ಸರದಿ ಪಟ್ಟಿಯಲ್ಲಿ ಕನ್ನಡವೆಲ್ಲಿ?

(ಬೆಂಗಳೂರಿನ ಕೈಗಾರಿಕಾ ಪ್ರದೇಶವೊಂದರಲ್ಲಿ ನಡೆದ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ. ಪತ್ರಿಕೆಯ ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದಾರೆ.)



ನವೆಂಬರ್ ಬಂತೆಂದರೆ ನಮ್ಮ ಕಾರ್ಖಾನೆಗಳ ಗೇಟಿಗೆ ಹಳದಿ ಕೆಂಪು ಬಾವುಟ ಏರುತ್ತದೆ. ತಾಯಿ ಭುವನೇಶ್ವರಿಯ ಚಿತ್ರಕ್ಕೆ ಹಾರ ಬೀಳುತ್ತದೆ. ಆಡಳಿತ ವರ್ಗದವರು ಬಂದು ಎರಡು ಮಾತು ಕನ್ನಡದಲ್ಲಿ ಆಡಿ, ಸಿಹಿ ಹಂಚಿ ಹೋಗುತ್ತಾರೆ. ಬೋರ್ಡಿನ ಮೇಲೂ ಈಗ ಕನ್ನಡ ಬಂದಿದೆ. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲೇ ಇರಬೇಕೆಂಬ ನಿಯಮ ಬಂತು. ಅದಕ್ಕಾಗಿ ಬೀದಿಗಿಳಿದವರಿಗೆ, ಜೈಲು ಕಂಡವರಿಗೆ ನನ್ನ ನಮಸ್ಕಾರ.

ಈಗ ಗೇಟು ದಾಟಿ ಒಳಗೆ ಬನ್ನಿ. ಯಂತ್ರದ ಪಕ್ಕದಲ್ಲಿ ಒಂದು ಗಣಕದ ಪರದೆ ಇದೆ. ಇವತ್ತು ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಬೇಕು ಎಂದು ಆ ಪರದೆ ಹೇಳುತ್ತದೆ. ಮೇಸ್ತ್ರಿ ಹೇಳುತ್ತಿದ್ದ ಕಾಲ ಹೋಯಿತು, ಈಗ ಪರದೆ ಹೇಳುತ್ತದೆ. ಆ ಪರದೆ ಯಾವ ಭಾಷೆಯಲ್ಲಿ ಹೇಳುತ್ತದೆ? ನಾನು ಕೆಲಸಕ್ಕಾಗಿ ಹೋಗಿ ಬಂದ ಕಾರ್ಖಾನೆಗಳಲ್ಲೆಲ್ಲ ಅದು ಇಂಗ್ಲಿಷಿನಲ್ಲೇ ಹೇಳುತ್ತಿತ್ತು. ಬೋರ್ಡಿನಲ್ಲಿ ಶೇಕಡ 60 ಗೆದ್ದ ನಾವು ಪರದೆಯಲ್ಲಿ ಶೇಕಡ 6 ಕೂಡ ಗೆದ್ದಿಲ್ಲ.

ಇದು ಬರಿಯ ಅಭಿಮಾನದ ಮಾತಲ್ಲ. ಲಾಭ ನಷ್ಟದ ಮಾತು, ಅನ್ನದ ಮಾತು. ನಾನು ಪಿಯುಸಿವರೆಗೆ ಓದಿದವನು, ಇಂಜಿನಿಯರ್ ಅಲ್ಲ. ಆದರೆ ಪ್ರೆಸ್ಸು ನಡೆಸುವವನಿಗೆ ದಿನ ಬೆಳಗಾದರೆ ಇರುವ ತಲೆನೋವು ಇದೊಂದೇ: ಯಾವ ಕೆಲಸ ಮೊದಲು? ಆದ್ದರಿಂದ ನನಗೆ ಗೊತ್ತಿರುವ ಅಚ್ಚಿನ ಮನೆಯಿಂದಲೇ ಶುರು ಮಾಡುತ್ತೇನೆ.

ಸರದಿಯ ಗುಟ್ಟು

ನಿಮ್ಮ ಮುಂದೆ ನಾಲ್ಕು ಕೆಲಸ ಇವೆ ಎಂದುಕೊಳ್ಳಿ. ಪ್ರತಿಯೊಂದನ್ನೂ ಮೊದಲು ಅಚ್ಚು ಮಾಡಬೇಕು, ಆಮೇಲೆ ಬೈಂಡಿಂಗಿಗೆ ಕಳಿಸಬೇಕು. ಅಚ್ಚಿನ ಯಂತ್ರ ಒಂದು, ಬೈಂಡಿಂಗ್ ಮೇಜು ಒಂದು. ಗೈಡು ಪುಸ್ತಕಕ್ಕೆ ಅಚ್ಚು 6 ಗಂಟೆ, ಬೈಂಡಿಂಗ್ 2 ಗಂಟೆ. ಪಂಚಾಂಗಕ್ಕೆ ಅಚ್ಚು 5, ಬೈಂಡಿಂಗ್ 4. ಕವನ ಸಂಕಲನಕ್ಕೆ ಅಚ್ಚು 3, ಬೈಂಡಿಂಗ್ 5. ಬಿಲ್ ಬುಕ್ಕಿಗೆ ಅಚ್ಚು 1 ಗಂಟೆ, ಆದರೆ ನಂಬರ್ ಹಾಕಿ, ಪರ್ಫೊರೇಷನ್ ಹೊಡೆದು, ಪಿನ್ ಮಾಡಲು 4 ಗಂಟೆ.

ಬಂದ ಕ್ರಮದಲ್ಲೇ ಮಾಡಿದರೆ ಏನಾಗುತ್ತದೆ? ಗೈಡು, ಪಂಚಾಂಗ, ಕವನ, ಬಿಲ್ ಬುಕ್. ಮೊದಲ 6 ಗಂಟೆ ಬೈಂಡಿಂಗಿನವರಿಗೆ ಕೆಲಸವೇ ಇಲ್ಲ. ಗೈಡು ಮುಗಿಸಿ ಪಂಚಾಂಗಕ್ಕಾಗಿ ಮತ್ತೆ 3 ಗಂಟೆ ಕಾಯುತ್ತಾರೆ. ಎಲ್ಲ ಮುಗಿಯುವ ಹೊತ್ತಿಗೆ 24 ಗಂಟೆ.

ಈಗ ಸರದಿ ಬದಲಿಸಿ. ಬಿಲ್ ಬುಕ್ ಮೊದಲು, ಆಮೇಲೆ ಕವನ, ಆಮೇಲೆ ಪಂಚಾಂಗ, ಕೊನೆಗೆ ಗೈಡು. ಒಂದು ಗಂಟೆಯಲ್ಲೇ ಬೈಂಡಿಂಗ್ ಮೇಜಿಗೆ ಕೆಲಸ ಸಿಗುತ್ತದೆ. ಎಲ್ಲ ಮುಗಿಯುವುದು 17 ಗಂಟೆಯಲ್ಲಿ! ಯಂತ್ರ ಅದೇ, ಜನ ಅದೇ, ಕಾಗದ ಅದೇ. ಬದಲಾದದ್ದು ಸರದಿ ಮಾತ್ರ. ಉಳಿದದ್ದು 7 ಗಂಟೆ. ನಂಬಿಕೆ ಇಲ್ಲದವರು ಈ ಪತ್ರಿಕೆಯ ಅಂಚಿನಲ್ಲೇ ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ.

ಈ ಉಪಾಯಕ್ಕೆ ಜಾನ್ಸನ್ ನಿಯಮ ಎಂದು ಹೆಸರು. ಅಮೆರಿಕದ ಗಣಿತಜ್ಞ ಜಾನ್ಸನ್ 1954ರಲ್ಲಿ ಪ್ರಕಟಿಸಿದ್ದು. ಎಲ್ಲ ಅಂಕಿಗಳಲ್ಲಿ ಚಿಕ್ಕದನ್ನು ಹುಡುಕಿ. ಅದು ಮೊದಲ ಯಂತ್ರದ್ದಾದರೆ ಆ ಕೆಲಸವನ್ನು ಮುಂದಕ್ಕೆ ಹಾಕಿ, ಎರಡನೆಯ ಯಂತ್ರದ್ದಾದರೆ ಕೊನೆಗೆ ತಳ್ಳಿ. ಉಳಿದವುಗಳಿಗೂ ಹೀಗೇ ಮಾಡುತ್ತಾ ಹೋಗಿ. ಇಷ್ಟೇ! ಇದನ್ನು ಕನ್ನಡದಲ್ಲಿ ಹೇಳಲು ನನಗೆ ನಾಲ್ಕು ಸಾಲು ಸಾಕಾಯಿತು. ಏಳನೇ ತರಗತಿ ಓದಿದ ಹುಡುಗನಿಗೂ ಅರ್ಥವಾಗುತ್ತದೆ. ಆದರೂ ಇದು ನಮ್ಮ ಕಾರ್ಖಾನೆಗಳ ಕೆಳಮಹಡಿಗೆ ಇಳಿದು ಬಂದಿಲ್ಲ. ಏಕೆಂದರೆ ಇದು ಇಂಗ್ಲಿಷ್ ಪುಸ್ತಕದಲ್ಲಿ ಮೇಲಿನ ಮಹಡಿಯಲ್ಲೇ ಕೂತಿದೆ.

ಗಣಕ ಏಕೆ ಬೇಕಾಯಿತು?

"ಹಾಗಾದರೆ ತಂತ್ರಾಂಶ ಯಾಕೆ, ಪೆನ್ನು ಸಾಕಲ್ಲ" ಎಂದು ನೀವು ಕೇಳಬಹುದು. ನಾಲ್ಕು ಕೆಲಸವನ್ನು 24 ರೀತಿಯಲ್ಲಿ ಸರದಿಗೆ ಹಾಕಬಹುದು. ಹತ್ತು ಕೆಲಸವಾದರೆ? 36,28,800 ರೀತಿ! ಅದೂ ಒಂದೇ ಯಂತ್ರಕ್ಕೆ. ಯಂತ್ರಗಳು ಹತ್ತಾದರೆ, ಪ್ರತಿ ಕೆಲಸವೂ ಬೇರೆ ಬೇರೆ ಹಾದಿ ಹಿಡಿದರೆ, ಲೆಕ್ಕ ಮನುಷ್ಯನ ಕೈ ಮೀರುತ್ತದೆ. 1963ರಲ್ಲಿ ಫಿಷರ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಹತ್ತು ಕೆಲಸ, ಹತ್ತು ಯಂತ್ರಗಳ ಒಂದು ಸಮಸ್ಯೆಯನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ನೋಡಲು ಪುಟ್ಟ ಲೆಕ್ಕ. ಅದರ ಅತ್ಯುತ್ತಮ ಉತ್ತರ ಇದೇ ಎಂದು ಸಾಧಿಸಿ ತೋರಿಸಿದ್ದು 1989ರಲ್ಲಿ, ಫ್ರಾನ್ಸಿನ ಕಾರ್ಲಿಯೆ ಮತ್ತು ಪಿನ್ಸನ್ ಎಂಬುವರು. 26 ವರ್ಷ ಹಿಡಿಯಿತು!

ಆದ್ದರಿಂದ ಗಣಕ ಬೇಕು. ನಾನು ಗಣಕದ ವಿರೋಧಿಯಲ್ಲ. ಅಚ್ಚುಮೊಳೆ ಜೋಡಿಸುವ ಕಾಲ ಹೋಗಿ ಡಿಟಿಪಿ ಬಂದಾಗ ಕನ್ನಡ ಮುದ್ರಣ ಸಾಯಲಿಲ್ಲ, ಬೆಳೆಯಿತು. ನಾವು ಗಣಕವನ್ನು ಕನ್ನಡಕ್ಕೆ ಒಗ್ಗಿಸಿದ್ದರಿಂದ ಬೆಳೆಯಿತು.

ಕಾರ್ಖಾನೆಗೆ ಗಣಕದ ಯೋಜನೆ ಬಂದದ್ದು ಎರಡು ಹೆಜ್ಜೆಯಲ್ಲಿ. ಮೊದಲ ಹೆಜ್ಜೆ 1960ರ ದಶಕದ್ದು. ಅಮೆರಿಕದ ಜೋಸೆಫ್ ಆರ್ಲಿಕಿ ಮೊದಲಾದವರು ರೂಪಿಸಿದ ಎಂಆರ್‌ಪಿ. ಆರ್ಲಿಕಿಯವರ ಪುಸ್ತಕ 1975ರಲ್ಲಿ ಬಂತು. ಇದು ಸಾಮಗ್ರಿಯ ಲೆಕ್ಕ. ಮಾಲು ಕೊಡಬೇಕಾದ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತದೆ. ಇಪ್ಪತ್ತನೇ ತಾರೀಖು ಪುಸ್ತಕ ಕೊಡಬೇಕು, ಬೈಂಡಿಂಗಿಗೆ ಮೂರು ದಿನ, ಅಚ್ಚಿಗೆ ನಾಲ್ಕು ದಿನ, ಹಾಗಾದರೆ ಹದಿಮೂರಕ್ಕೆ ಕಾಗದ ಬಂದಿರಬೇಕು. ಲೆಕ್ಕ ಚೆನ್ನಾಗಿದೆ. ಆದರೆ ಹದಿಮೂರನೇ ತಾರೀಖು ಯಂತ್ರದ ಮುಂದೆ ಬೇರೆ ಐದು ಕೆಲಸ ಕ್ಯೂ ನಿಂತಿವೆಯೇ ಎಂದು ಅದು ನೋಡುವುದಿಲ್ಲ. ಯಂತ್ರಕ್ಕೆ ಮಿತಿಯೇ ಇಲ್ಲ ಎಂದುಕೊಂಡು ಲೆಕ್ಕ ಹಾಕುತ್ತದೆ.

ಎರಡನೆಯ ಹೆಜ್ಜೆ ಎಪಿಎಸ್. ಮುಂದುವರಿದ ಯೋಜನೆ ಮತ್ತು ಸರದಿ ನಿರ್ಣಯದ ತಂತ್ರಾಂಶ ಎನ್ನಬಹುದು. 1990ರ ದಶಕದಲ್ಲಿ ಇದು ದೊಡ್ಡ ಕಾರ್ಖಾನೆಗಳಿಗೆ ಹಬ್ಬಿತು. ಇದು ಯಂತ್ರದ ಮಿತಿ ನೋಡುತ್ತದೆ, ಪಾಳಿ ನೋಡುತ್ತದೆ, ರಜಾ ದಿನ ನೋಡುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಯಂತ್ರವನ್ನು ಹೊಂದಿಸಲು ಹಿಡಿಯುವ ಹೊತ್ತನ್ನೂ ನೋಡುತ್ತದೆ. ಲಕ್ಷಾಂತರ ಸರದಿಗಳನ್ನು ಹಾಕಿ ನೋಡಿ, ಎಲ್ಲಕ್ಕಿಂತ ಉತ್ತಮವಲ್ಲದಿದ್ದರೂ ಸಾಕಷ್ಟು ಒಳ್ಳೆಯದೊಂದನ್ನು ಕೆಲವೇ ನಿಮಿಷದಲ್ಲಿ ಆರಿಸುತ್ತದೆ. ಒಂದು ಯಂತ್ರ ಕೆಟ್ಟು ನಿಂತರೆ ಪಟ್ಟಿಯನ್ನೆಲ್ಲ ಹೊಸದಾಗಿ ಹಾಕಿಕೊಡುತ್ತದೆ. ಜಾಣ ಯಂತ್ರವೇ ಸರಿ.

ಆದರೆ ಈ ಜಾಣನಿಗೆ ಒಂದು ದೌರ್ಬಲ್ಯ ಇದೆ. ಅವನು ಕುರುಡ. ನಾವು ಹೇಳಿದ್ದನ್ನೇ ನಂಬುತ್ತಾನೆ.

ಯಂತ್ರಕ್ಕೆ ಸುಳ್ಳು ಯಾರು ಹೇಳುತ್ತಾರೆ?

ನನ್ನ ಒಂದೇ ಬಣ್ಣದ ಆಫ್‌ಸೆಟ್ ಯಂತ್ರದಲ್ಲಿ ಹಳದಿ ಹೊಡೆದ ಮೇಲೆ ಕಪ್ಪು ಹಾಕಬೇಕೆಂದರೆ ರೋಲರನ್ನು ಒಂದು ಸಲ ತೊಳೆದರೆ ಸಾಕು. ಹತ್ತು ನಿಮಿಷದ ಕೆಲಸ. ಕಪ್ಪು ಹೊಡೆದ ಮೇಲೆ ಹಳದಿ ಹಾಕಬೇಕೆಂದರೆ ಮೂರು ಸಲ ತೊಳೆಯಬೇಕು, 40 ನಿಮಿಷ ಹಿಡಿಯುತ್ತದೆ. ಇಲ್ಲದಿದ್ದರೆ ಹಳದಿ ಹೋಗಿ ಕೊಳಕು ಹಸಿರಿನ ಹಾಗೆ ಕಾಣುತ್ತದೆ. ಕೆಲಸ ಎರಡೇ, ಬಣ್ಣ ಎರಡೇ, ಸರದಿ ತಿರುಗಿದರೆ ಅರ್ಧ ಗಂಟೆ ವ್ಯತ್ಯಾಸ. ತಂತ್ರಾಂಶದಲ್ಲಿ ಎರಡಕ್ಕೂ 20 ನಿಮಿಷ ಎಂದು ಬರೆದಿಟ್ಟರೆ ಅದು ಹಾಕಿಕೊಡುವ ಪಟ್ಟಿ ಮೊದಲ ದಿನವೇ ಸುಳ್ಳಾಗುತ್ತದೆ.

ಇನ್ನೊಂದು. ಒಂದು ಬದಿ ಅಚ್ಚಾದ ಹಾಳೆಯ ಶಾಯಿ ಒಣಗದೆ ಇನ್ನೊಂದು ಬದಿ ಹೊಡೆಯುವಂತಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಬೇಗ ಒಣಗುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಒಣಗುವುದೇ ಇಲ್ಲ, ಅವಸರ ಮಾಡಿದರೆ ಶಾಯಿ ಮೇಲಿನ ಹಾಳೆಯ ಬೆನ್ನಿಗೆ ಅಂಟಿ ರೀಮುಗಟ್ಟಲೆ ಕಾಗದ ಹಾಳು. ಇದು ಯಾವ ಸಾಫ್ಟ್‌ವೇರ್ ಕಂಪನಿಯ ಕೈಪಿಡಿಯಲ್ಲೂ ಇಲ್ಲ. ಇದು ನಮ್ಮ ಮಷಿನ್ ಆಪರೇಟರನ ತಲೆಯಲ್ಲಿದೆ. ಅವನ ತಲೆಯಲ್ಲಿ ಇದು ಯಾವ ಭಾಷೆಯಲ್ಲಿದೆ? ಕನ್ನಡದಲ್ಲಿದೆ!

ಯಂತ್ರದ ನಿಜ ಗೊತ್ತಿರುವವನಿಗೆ ಪರದೆಯ ಭಾಷೆ ಗೊತ್ತಿಲ್ಲ. ಪರದೆಯ ಭಾಷೆ ಗೊತ್ತಿರುವವನಿಗೆ ಯಂತ್ರದ ನಿಜ ಗೊತ್ತಿಲ್ಲ. ಇಬ್ಬರ ನಡುವೆ ಇಂಗ್ಲಿಷಿನ ಗೋಡೆ. ಆ ಗೋಡೆಯ ಬೆಲೆಯನ್ನು ದಿನಾ ಕಟ್ಟುವವರು ನಾವು.

ನಾನು ರಟ್ಟಿನ ಪೆಟ್ಟಿಗೆ ಅಚ್ಚು ಮಾಡಿಕೊಡುವ ಒಂದು ಕಾರ್ಖಾನೆ ಇದೆ. ಹೆಸರು ಬೇಡ. ಅಲ್ಲಿ ಯಂತ್ರ ನಿಂತಾಗಲೆಲ್ಲ ಏಕೆ ನಿಂತಿತು ಎಂದು ಆಪರೇಟರ್ ಪರದೆಯಲ್ಲಿ ಒತ್ತಬೇಕು. ಎಂಟು ಕಾರಣಗಳ ಪಟ್ಟಿ. ಎಲ್ಲವೂ ಇಂಗ್ಲಿಷಿನ ತುಂಡು ಅಕ್ಷರಗಳು. ಕೊನೆಯದು 'ಅದರ್ಸ್'. ಅಲ್ಲಿನ ಹುಡುಗ, ಐಟಿಐ ಮುಗಿಸಿದವನು, ಪ್ರತಿ ಸಲವೂ ಕೊನೆಯದನ್ನೇ ಒತ್ತುತ್ತಿದ್ದ. "ಯಾಕಪ್ಪ ಹೀಗೆ?" ಎಂದು ಕೇಳಿದೆ. "ಸಾರ್, ಮಿಕ್ಕಿದ್ದು ಒತ್ತಿದರೆ ಮೇಲಿಂದ ಇಂಗ್ಲಿಷಲ್ಲಿ ಪ್ರಶ್ನೆ ಬರುತ್ತೆ. ಇದನ್ನ ಒತ್ತಿದರೆ ಯಾರೂ ಕೇಳಲ್ಲ" ಎಂದ. ಅವತ್ತು ಯಂತ್ರ ನಿಂತದ್ದು ಡೈ ಮೊಂಡಾಗಿದ್ದಕ್ಕೆ. ಅದರ ಹಿಂದಿನ ದಿನ ರಟ್ಟು ತೇವವಾಗಿದ್ದಕ್ಕೆ. ಎರಡೂ ಅವನಿಗೆ ಚೆನ್ನಾಗಿ ಗೊತ್ತು.

ತಿಂಗಳ ಕೊನೆಗೆ ಮೇಲಿನ ಮಹಡಿಯ ಸಭೆಯಲ್ಲಿ ಬಣ್ಣಬಣ್ಣದ ಚಿತ್ರ ತೋರಿಸುತ್ತಾರೆ. ಯಂತ್ರ ನಿಲ್ಲಲು ಅತಿ ದೊಡ್ಡ ಕಾರಣ 'ಅದರ್ಸ್'! ಇದರಿಂದ ಅವರು ತೆಗೆದ ತೀರ್ಮಾನ ಏನು ಗೊತ್ತೇ? ಕೆಲಸಗಾರ ಸೋಮಾರಿ. ಡೈ ಮೊಂಡಾಗಿಯೇ ಉಳಿಯಿತು. ತಂತ್ರಾಂಶ ಆ ಯಂತ್ರಕ್ಕೆ ತುಂಬು ವೇಗ ಲೆಕ್ಕ ಹಿಡಿದು ಪಟ್ಟಿ ಹಾಕುತ್ತಲೇ ಹೋಯಿತು. ಪಟ್ಟಿಯನ್ನು ನಂಬಿ ಲಾರಿ ತಂದವರು ಗೇಟಿನಲ್ಲಿ ದಿನಗಟ್ಟಲೆ ಕಾದರು. ತಪ್ಪು ತಂತ್ರಾಂಶದ್ದೇ? ಹುಡುಗನದೇ? ಎಂಟು ಕಾರಣಗಳನ್ನು ಕನ್ನಡದಲ್ಲಿ ಬರೆಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಯಾರಿಗೂ ಸಿಗಲಿಲ್ಲ.

ಇದು ನಮ್ಮಲ್ಲಿ ಮಾತ್ರ ಎಂದು ತಿಳಿಯಬೇಡಿ. ನೆಲದ ಅರಿವು ಗಣಕಕ್ಕೆ ಏರದಿದ್ದರೆ ಅಮೆರಿಕದ ದೊಡ್ಡ ಕಂಪನಿಯೂ ಮುಗ್ಗರಿಸುತ್ತದೆ. 1999ರಲ್ಲಿ ಚಾಕೊಲೇಟ್ ಮಾಡುವ ಹರ್ಷೀಸ್ ಕಂಪನಿ ಸುಮಾರು 11.2 ಕೋಟಿ ಡಾಲರ್ ಖರ್ಚು ಮಾಡಿ ಹೊಸ ತಂತ್ರಾಂಶಗಳನ್ನು ಹಾಕಿತು. ಅವರ ದೊಡ್ಡ ಹಬ್ಬ ಹ್ಯಾಲೋವೀನ್ ಎದುರಿಗಿತ್ತು. ಸುಮಾರು 10 ಕೋಟಿ ಡಾಲರ್ ಬೆಲೆಯ ಆರ್ಡರುಗಳಿಗೆ ಸಕಾಲದಲ್ಲಿ ಮಾಲು ಕಳಿಸಲಾಗಲಿಲ್ಲ. ಚಾಕೊಲೇಟ್ ಇರಲಿಲ್ಲವೇ? ಇತ್ತು! ಹಬ್ಬದ ಕಾಲದಲ್ಲಿ ಮಾಲನ್ನು ಖಾಲಿ ಕೋಣೆಗಳಲ್ಲಿ, ಬಾಡಿಗೆ ಗೋದಾಮುಗಳಲ್ಲಿ ಇಡುವುದು ಅವರ ರೂಢಿ. ಆ ಜಾಗಗಳನ್ನು ತಂತ್ರಾಂಶದಲ್ಲಿ ದಾಖಲು ಮಾಡಿರಲಿಲ್ಲ ಎಂಬುದು ಆಮೇಲೆ ಹೊರಬಂದ ಕಾರಣಗಳಲ್ಲೊಂದು. ಕೆಲಸಗಾರರಿಗೆ ಗೊತ್ತಿತ್ತು, ಗಣಕಕ್ಕೆ ಗೊತ್ತಿರಲಿಲ್ಲ. ಅಲ್ಲಿ ಇಬ್ಬರ ಭಾಷೆಯೂ ಒಂದೇ ಇದ್ದು ಈ ಗತಿ. ಭಾಷೆಯೇ ಬೇರೆಯಾದ ನಮ್ಮಲ್ಲಿ ಇನ್ನೇನಾಗಬೇಕು, ನೀವೇ ಊಹಿಸಿ.

ಇದು ಅನ್ನದ ಪ್ರಶ್ನೆ

ಮಾಲೀಕನ ನಷ್ಟದ ಮಾತು ಆಯಿತು. ಈಗ ಕೆಲಸಗಾರನ ಮಾತು.

ಹಿಂದೆ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತವನು ಮೇಸ್ತ್ರಿಯಾಗುತ್ತಿದ್ದ, ಫೋರ್‌ಮನ್ ಆಗುತ್ತಿದ್ದ. ಇವತ್ತಿನ ಕೆಲಸದ ಸರದಿ ಅವನ ಬಾಯಲ್ಲಿತ್ತು. ಈಗ ಆ ಜಾಗಕ್ಕೆ 'ಪ್ಲಾನರ್' ಬಂದಿದ್ದಾನೆ. ಪ್ಲಾನರ್ ಆಗಲು ಯಂತ್ರ ಗೊತ್ತಿರಬೇಕಿಲ್ಲ, ಪರದೆಯ ಇಂಗ್ಲಿಷ್ ಗೊತ್ತಿದ್ದರೆ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ, ಡಿಪ್ಲೊಮಾ ಮಾಡಿದ ನಮ್ಮ ಹಳ್ಳಿಯ ಮಕ್ಕಳು ಕೆಳಗೇ ಉಳಿಯುತ್ತಾರೆ. ಅವರ ಅನುಭವಕ್ಕೆ ಬೆಲೆ ಇಲ್ಲ, ಏಣಿಯ ಮೇಲಿನ ಮೆಟ್ಟಿಲನ್ನೇ ಕಿತ್ತು ಹಾಕಲಾಗಿದೆ.

1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು ಇಲ್ಲಿಯವರೆಗೆ ಕಾರ್ಖಾನೆಯಲ್ಲಿ ಕನ್ನಡಿಗನಿಗೆ ಕೆಲಸ ಕೊಡಿ ಎಂದು ಕೇಳುತ್ತಾ ಬಂದಿದ್ದೇವೆ. ಕೇಳಲೇಬೇಕು, ಬಿಡಬಾರದು. ಆದರೆ ಕನ್ನಡಿಗನಿಗೆ ಕೆಲಸ ಸಿಕ್ಕ ಮೇಲೆ ಆ ಕೆಲಸದ ಭಾಷೆ ಯಾವುದು ಎಂದು ನಾವು ಕೇಳಿದ್ದೇವೆಯೇ? ಕೆಲಸ ಕನ್ನಡಿಗನದು, ಕೆಲಸದ ಭಾಷೆ ಪರರದು ಎಂದಾದರೆ ಅವನು ತನ್ನ ನೆಲದಲ್ಲೇ ಮೂಕನಾಗುತ್ತಾನೆ.

ಕಾನೂನಿಗೆ ಇದು ಹೊಸ ವಿಷಯವಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 108ನೇ ಕಲಮನ್ನು ನೋಡಿ. ಆ ಕಾಯ್ದೆಯ ಪ್ರಕಾರ ಕಾರ್ಖಾನೆಯಲ್ಲಿ ತೂಗುಹಾಕಬೇಕಾದ ಸೂಚನೆಗಳೆಲ್ಲ ಇಂಗ್ಲಿಷಿನ ಜೊತೆಗೆ ಅಲ್ಲಿನ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂದು ಅದು ಹೇಳಿತ್ತು. ಯಾರು ಎಷ್ಟು ಹೊತ್ತಿಗೆ ಕೆಲಸ ಮಾಡಬೇಕೆಂಬ ಪಟ್ಟಿಯೂ ಅಂಥ ಸೂಚನೆಯೇ ಆಗಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ ಸಂಸತ್ತು 2020ರಲ್ಲಿ ಒಪ್ಪಿದ ಹೊಸ ಸಂಹಿತೆ ಬಂದಿದೆ. ಕಾಯ್ದೆ ಬದಲಾಗಬಹುದು, ನ್ಯಾಯ ಬದಲಾಗುವುದಿಲ್ಲ. ಗಣಕವೇ ಇಲ್ಲದ ಕಾಲದಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷವೇ, ಕಾರ್ಮಿಕನ ಭಾಷೆಯಲ್ಲಿ ಸೂಚನೆ ಇರಬೇಕೆಂದು ಬರೆದಿದ್ದರು. ಅಂದು ಗೋಡೆಯ ಮೇಲೆ ತೂಗುತ್ತಿದ್ದ ಹಲಗೆ ಇಂದು ಗಾಜಿನ ಪರದೆಯಾಗಿದೆ. ಹಲಗೆಯಿಂದ ಪರದೆಗೆ ಬರುವಾಗ ಕನ್ನಡ ದಾರಿಯಲ್ಲಿ ಎಲ್ಲಿ ಬಿದ್ದುಹೋಯಿತು?

"ಕನ್ನಡದಲ್ಲಿ ಆಗುತ್ತದೆಯೇ?" ಎನ್ನುವವರಿಗೆ

ಈ ಪ್ರಶ್ನೆ ಕೇಳುವವರು ಮೂರು ಬಗೆ.

ಮೊದಲನೆಯವರು, ಗಣಕಕ್ಕೆ ಕನ್ನಡ ಬಾರದು ಎನ್ನುವವರು. ಸ್ವಾಮಿ, 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನ ಸಿಕ್ಕಿದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. 1998ರಲ್ಲಿ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇಂದು ಜೇಬಿನ ಫೋನಿನಲ್ಲಿ ಎಲ್ಲರೂ ಕನ್ನಡ ಒತ್ತುತ್ತಾರೆ. ದೊಡ್ಡ ತಂತ್ರಾಂಶಗಳಲ್ಲಿ ಒಂದೇ ವಸ್ತುವಿನ ಹೆಸರನ್ನು ಹಲವು ಭಾಷೆಗಳಲ್ಲಿ ಇಡುವ ಏರ್ಪಾಟು ಮೊದಲಿಂದಲೂ ಇದೆ. ಜರ್ಮನಿಯಲ್ಲಿ 1972ರಲ್ಲಿ ಹುಟ್ಟಿದ ಎಸ್‌ಎಪಿ ಕಂಪನಿಯ ತಂತ್ರಾಂಶ ಜರ್ಮನ್, ಜಪಾನಿ, ಕೊರಿಯನ್, ಥಾಯ್ ಭಾಷೆಗಳಲ್ಲೂ ಮಾತಾಡುತ್ತದೆ. ಅದೇ ಕಂಪನಿ 1998ರಿಂದ ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೇಂದ್ರ ನಡೆಸುತ್ತಿದೆ. ಜಗತ್ತಿನ ಕಾರ್ಖಾನೆಗಳನ್ನು ನಡೆಸುವ ತಂತ್ರಾಂಶ ನಮ್ಮ ಊರಿನ ನೀರು ಕುಡಿದು ತಯಾರಾಗುತ್ತದೆ. ನಮ್ಮ ಊರಿನ ಮಾತು ಮಾತ್ರ ಅದಕ್ಕೆ ಬೇಡವೇ?

ಎರಡನೆಯವರು, ಕನ್ನಡದಲ್ಲಿ ಪದಗಳಿಲ್ಲ ಎನ್ನುವವರು. ಇವರಲ್ಲಿ ನಮ್ಮವರೇ ಹೆಚ್ಚು. ತಾಂತ್ರಿಕ ಕನ್ನಡ ಎಂದರೆ ಕಲ್ಲು ಅಗಿಯುವಂಥ ಸಂಸ್ಕೃತ ಪದ ಎಂದು ಹೆದರಿಕೊಂಡಿದ್ದಾರೆ. ನಾನು ಕೇಳುತ್ತಿರುವುದು ಅದಲ್ಲ. ಪ್ಲೇಟು, ರೋಲರು, ಲೇತು, ಡೈ, ಪಂಚಿಂಗ್ ಇವೆಲ್ಲ ನಮ್ಮ ಕೆಲಸಗಾರನ ಬಾಯಲ್ಲಿ ಕನ್ನಡವಾಗಿ ಎಷ್ಟೋ ಕಾಲವಾಯಿತು. ಅವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಸಾಕು. ಉಳಿದದ್ದಕ್ಕೆ ಅವನ ಮಾತೇ ಇದೆ: ಕಾಗದ ಬಂದಿಲ್ಲ, ಡೈ ಮೊಂಡಾಗಿದೆ, ಕರೆಂಟ್ ಹೋಗಿದೆ, ಶಾಯಿ ಒಣಗಿಲ್ಲ, ಪಾರ್ಟಿ ಪ್ರೂಫ್ ಒಪ್ಪಿಲ್ಲ. ಇದಕ್ಕಿಂತ ಸ್ಪಷ್ಟವಾದ ತಾಂತ್ರಿಕ ಭಾಷೆ ಯಾವುದಿದೆ? ನನ್ನ ಪ್ರೆಸ್ಸಿನ ಕೆಲಸಕ್ಕೆ ಬೇಕಾದ ಪದಗಳನ್ನೆಲ್ಲ ಒಂದು ದಿನ ಕೂತು ಪಟ್ಟಿ ಮಾಡಿದೆವು. ನೂರು ದಾಟಲಿಲ್ಲ.

ಜಪಾನಿನವರನ್ನು ನೋಡಿ. ಟೊಯೋಟ ಕಂಪನಿ ತನ್ನ ಪದ್ಧತಿಗೆ ಇಂಗ್ಲಿಷ್ ಹೆಸರು ಹುಡುಕಲಿಲ್ಲ. ಚೀಟಿ ನೋಡಿ ಮಾಲು ತರಿಸುವುದಕ್ಕೆ ಕಾನ್‌ಬಾನ್ ಎಂದರು, ತೊಂದರೆ ತೋರಿಸುವ ದೀಪಕ್ಕೆ ಅಂಡಾನ್ ಎಂದರು, ದಿನದಿನದ ಸುಧಾರಣೆಗೆ ಕೈಜೆನ್ ಎಂದರು. ಲೋಕವೆಲ್ಲ ಆ ಪದಗಳನ್ನು ಕಲಿಯಿತು. 1999ರಲ್ಲಿ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಶುರುವಾದ ಮೇಲೆ ನಮ್ಮ ಹುಡುಗರೂ ಕಲಿತರು. ಸರದಿ ಹಾಕುವ ತಂತ್ರಾಂಶಕ್ಕೂ ಅವರು ಪರರ ಬಾಗಿಲಲ್ಲಿ ನಿಲ್ಲಲಿಲ್ಲ. ಆಸ್ಪ್ರೋವಾ ಎಂಬ ಜಪಾನಿ ಕಂಪನಿ 1994ರಲ್ಲಿ ಹುಟ್ಟಿ ಅದನ್ನೇ ಕಸುಬು ಮಾಡಿಕೊಂಡಿತು. ಬಿಡದಿಯ ಹುಡುಗ ಜಪಾನಿನ ಕಾನ್‌ಬಾನ್ ಕಲಿಯಬಹುದಾದರೆ, ಗಣಕ ನಮ್ಮ 'ಸರದಿ', 'ಪಾಳಿ' ಕಲಿಯಬಾರದೇ?

ಮೂರನೆಯವರು, ಕಾರ್ಖಾನೆಯಲ್ಲಿ ಈಗ ಒಡಿಶಾ, ಬಿಹಾರದವರೂ ಇದ್ದಾರಲ್ಲ, ಅವರಿಗೇನು ಎನ್ನುವವರು. ನ್ಯಾಯವಾದ ಪ್ರಶ್ನೆ. ದುಡಿಯಲು ಬಂದ ಬಡವನ ಮೇಲೆ ನಮಗೆ ಹಗೆ ಇಲ್ಲ. ಅವನಿಗೂ ಆ ಇಂಗ್ಲಿಷ್ ಪರದೆ ಅರ್ಥವಾಗುವುದಿಲ್ಲ ಎಂಬುದನ್ನು ಮರೆಯಬೇಡಿ. ಪರದೆಯಲ್ಲಿ ಮೊದಲು ಕನ್ನಡ ಇರಲಿ, ಬೇಕಾದರೆ ಪಕ್ಕದಲ್ಲಿ ಅವನ ಭಾಷೆಯೂ ಇರಲಿ. ಇಲ್ಲೇ ನಿಲ್ಲುವವನು ದಿನಾ ನೋಡುತ್ತಾ ನೋಡುತ್ತಾ ಕನ್ನಡ ಕಲಿಯುತ್ತಾನೆ. ಇಂಗ್ಲಿಷ್ ಪರದೆಯಿಂದ ಅವನೂ ಕನ್ನಡ ಕಲಿಯುವುದಿಲ್ಲ, ನಾವೂ ಉಳಿಯುವುದಿಲ್ಲ.

ಹೊರದೇಶದ ಗಿರಾಕಿಗೆ ಇಂಗ್ಲಿಷ್ ಬೇಕು ಎಂಬ ಮಾತೂ ಇದೆ. ಅವನಿಗೆ ಕಳಿಸುವ ಬಿಲ್ಲು, ವರದಿ ಇಂಗ್ಲಿಷಿನಲ್ಲೇ ಇರಲಿ, ಯಾರು ಬೇಡ ಎಂದರು? ಅವನು ಬಂದು ನಮ್ಮ ಯಂತ್ರ ಓಡಿಸುವುದಿಲ್ಲವಲ್ಲ.

ನಾಳೆಯೇ ಮಾಡಬಹುದಾದದ್ದು

ಸಣ್ಣ ಉದ್ದಿಮೆದಾರರಿಗೆ ನನ್ನದೊಂದು ಮಾತು. ಲಕ್ಷಗಟ್ಟಲೆ ಕೊಟ್ಟು ತಂತ್ರಾಂಶ ಕೊಳ್ಳುವ ಮುಂಚೆ ಗೋಡೆಗೆ ಒಂದು ಹಲಗೆ ಹಾಕಿ. ಎಡಗಡೆ ಯಂತ್ರಗಳ ಹೆಸರು, ಮೇಲೆ ಗಂಟೆಗಳು, ನಡುವೆ ಪ್ರತಿ ಕೆಲಸಕ್ಕೂ ಒಂದು ಚೀಟಿ. ಚೀಟಿಯ ಉದ್ದವೇ ಕೆಲಸದ ಹೊತ್ತು. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದ ಚಿತ್ರ ಇದು. ಇಂದಿನ ಅತಿ ದುಬಾರಿ ತಂತ್ರಾಂಶದ ಪರದೆಯಲ್ಲಿ ಕಾಣುವುದೂ ಇದೇ ಚಿತ್ರ. ಚೀಟಿಗಳನ್ನು ಕನ್ನಡದಲ್ಲಿ ಬರೆಯಿರಿ.

ಆಮೇಲೆ ನಿಜವಾದ ಹೊತ್ತನ್ನು ಬರೆದಿಡಿ. ಯಾವ ಕೆಲಸದ ನಂತರ ಯಾವ ಕೆಲಸ ಹಾಕಿದರೆ ಯಂತ್ರ ಹೊಂದಿಸಲು ಎಷ್ಟು ನಿಮಿಷ? ಇದನ್ನು ಆಪರೇಟರನ ಕೈಯಲ್ಲೇ, ಅವನ ಮಾತಿನಲ್ಲೇ, ಮೂರು ತಿಂಗಳು ಬರೆಸಿ. ಬೈಯುವುದಕ್ಕೆ ಆ ಲೆಕ್ಕ ಬಳಸಬೇಡಿ. ಬೈದರೆ ಮರುದಿನದಿಂದ ಸುಳ್ಳು ಬರೆಯುತ್ತಾನೆ. ಆ ಪುಸ್ತಕ ನಿಮ್ಮ ಆಸ್ತಿ. ಮುಂದೆ ಯಾವ ತಂತ್ರಾಂಶ ಕೊಂಡರೂ ಅದರ ಹೊಟ್ಟೆಗೆ ಹಾಕಬೇಕಾದ ಅನ್ನ ಅದೇ.

ತಂತ್ರಾಂಶ ಕೊಳ್ಳುವ ದಿನ ಮಾರಲು ಬಂದವನಿಗೆ ಮೊದಲ ಪ್ರಶ್ನೆ ಹೀಗೆ ಕೇಳಿ: "ಕೆಲಸಗಾರ ನೋಡುವ ಪರದೆ ಕನ್ನಡದಲ್ಲಿ ಬರುತ್ತದೆಯೇ?" ಎರಡನೆಯ ಪ್ರಶ್ನೆ: "ಯಂತ್ರ ನಿಂತ ಕಾರಣಗಳ ಪಟ್ಟಿಯನ್ನು ನಾವೇ ಕನ್ನಡದಲ್ಲಿ ಬರೆದುಕೊಳ್ಳಬಹುದೇ?" ಆಗುವುದಿಲ್ಲ ಎಂದರೆ ಕಾಫಿ ಕೊಟ್ಟು ಕಳಿಸಿ. ಹತ್ತು ಜನ ಹೀಗೆ ಕಳಿಸಿದರೆ ಹನ್ನೊಂದನೆಯವನು ಮಾಡಿಕೊಂಡು ಬರುತ್ತಾನೆ. ಮುಂಬಯಿಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶಗಳೂ ಇವೆ. ಅವುಗಳ ಪದಗಳನ್ನು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ತಿದ್ದಬಹುದು. ಒಂದು ಎಚ್ಚರ: ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲೇ ಹಾಕಿ. ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಹಾಕಿದರೆ ಇನ್ನೊಂದು ಗಣಕದಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತದೆ. ಪ್ರೆಸ್ಸಿನವರಾದ ನಾವು ಆ ಕಷ್ಟ ಬೇಕಾದಷ್ಟು ಪಟ್ಟಿದ್ದೇವೆ.

ನಮ್ಮ ಒತ್ತಾಯಗಳು

1. ಕೆಐಎಡಿಬಿಯಿಂದ ಜಾಗ, ಸರ್ಕಾರದಿಂದ ರ‍ಿಯಾಯಿತಿ ಪಡೆಯುವ ಪ್ರತಿ ಕಾರ್ಖಾನೆಯಲ್ಲೂ ಕಾರ್ಮಿಕರು ನೋಡುವ, ಒತ್ತುವ ಎಲ್ಲ ಪರದೆಗಳಲ್ಲಿ ಕನ್ನಡ ಕಡ್ಡಾಯವಾಗಲಿ.

2. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ತಮ್ಮ ಬೆಂಗಳೂರು ಘಟಕಗಳಲ್ಲಿ ಇದಕ್ಕೆ ಮಾದರಿಯಾಗಲಿ.

3. ಐಟಿಐ, ಪಾಲಿಟೆಕ್ನಿಕ್ ಮತ್ತು ಸರ್ಕಾರಿ ಉಪಕರಣಾಗಾರ ತರಬೇತಿ ಕೇಂದ್ರಗಳಲ್ಲಿ ಉತ್ಪಾದನಾ ಯೋಜನೆ ಮತ್ತು ಸರದಿ ನಿರ್ಣಯವನ್ನು ಕನ್ನಡದಲ್ಲಿ ಕಲಿಸಲಿ. ಕನ್ನಡದಲ್ಲಿ ಕಲಿತವನೂ ಪ್ಲಾನರ್ ಆಗಲಿ.

4. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಪಂಡಿತರ ಕೊಠಡಿ ಬಿಟ್ಟು ಕಾರ್ಖಾನೆಗೆ ಬರಲಿ. ಕೆಲಸಗಾರರ ಬಾಯಲ್ಲಿರುವ ಪದಗಳನ್ನು ಕಸುಬಿಗೊಂದರಂತೆ ಸಂಗ್ರಹಿಸಿ, ತಂತ್ರಾಂಶದವರಿಗೆ ಬಿಟ್ಟಿಯಾಗಿ ಕೊಡಲಿ.

5. ಬೆಂಗಳೂರಿನಲ್ಲಿ ಕೂತು ಕಾರ್ಖಾನೆ ತಂತ್ರಾಂಶ ಬರೆಯುವ ಕಂಪನಿಗಳು ತಮ್ಮ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಲಿ.

ಬಂಧುಗಳೇ, ಗೇಟಿನ ಹೊರಗಿನ ಬೋರ್ಡು ದಾರಿಹೋಕರಿಗೆ. ಒಳಗಿನ ಪರದೆ ದುಡಿಯುವವನಿಗೆ. ಈ ಪತ್ರಿಕೆ ಓದಿ ಮಡಚಿಡಬೇಡಿ. ನಿಮ್ಮ ಕಾರ್ಖಾನೆಯಲ್ಲಿ ಪಕ್ಕದ ಯಂತ್ರದವನಿಗೆ ಕೊಡಿ. ಯಂತ್ರ ನಿಂತಾಗ ನೀವು ಒತ್ತುವ ಕಾರಣಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಹತ್ತು ಜನ ಸಹಿ ಹಾಕಿ, ಮ್ಯಾನೇಜರ ಮೇಜಿನ ಮೇಲಿಡಿ. ಜಗಳ ಬೇಡ, ಘೋಷಣೆ ಬೇಡ. "ಸಾರ್, ಇದನ್ನು ಪರದೆಯಲ್ಲಿ ಹಾಕಿಸಿ, ನಿಜವಾದ ಕಾರಣ ನಿಮಗೇ ಗೊತ್ತಾಗುತ್ತದೆ" ಎಂದು ಹೇಳಿ. ಬುದ್ಧಿವಂತ ಮಾಲೀಕನಾದರೆ ಅಂದೇ ಹಾಕಿಸುತ್ತಾನೆ. ಹಾಕಿಸದಿದ್ದರೆ ಆಗ ನಮ್ಮ ಸಂಘಟನೆಗಳು ಇದ್ದೇ ಇವೆ.

ಸಿರಿಗನ್ನಡಂ ಗೆಲ್ಗೆ! ದುಡಿಯುವ ಕೈಗೆ ಕನ್ನಡ ಸಿಗಲಿ! ಜೈ ಕರ್ನಾಟಕ!